ಕೊನೆಯ ಸೊನ್ನೆ

ಕೊನೆಯ ಸೊನ್ನೆಯನ್ನು ಕಂಡರೆ ಬಾಳಕೃಷ್ಣ ಮಾಸ್ತರರ ಕೈ ಸುಮ್ಮನಿರುತ್ತಿರಲಿಲ್ಲ. ದಶಮಾಂಶ ಚುಕ್ಕೆಯ ಬಲಗಡೆ ಬೆಲೆಯಿಲ್ಲದೆ ಕುಳಿತ ಸೊನ್ನೆ ಹುಡುಗರ ಪಾಟಿಯಲ್ಲಿರಲಿ, ಕಿರಾಣಿ ಅಂಗಡಿಯ ಚೀಟಿಯಲ್ಲಿರಲಿ, ಚೈತ್ರದ ಬಿಸಿಲಲ್ಲೂ ಬಿಡದ ಆ ಕರಿ ಕೋಟಿನ ಕಿಸೆಯಿಂದ ಕೆಂಪು ಪೆನ್ಸಿಲ್ಲು ತೆಗೆದು ಅದನ್ನು ಹೊಡೆದುಹಾಕಿಯೇ ಮುಂದಿನ ಹೆಜ್ಜೆ. ಮೂವತ್ತು ವರ್ಷ ನವಲಗುಂದದಲ್ಲಿ ಗಣಿತ ಕಲಿಸಿ ನಿವೃತ್ತರಾದ ಇಂಥವರ ಕೈಗೆ, ೧೯೮೮ರಲ್ಲಿ, ಹತ್ತಿ ಬೆಳೆಗಾರರ ಸಂಘದವರು ಹೊಸ ಕಂಪ್ಯೂಟರನ್ನು ಒಪ್ಪಿಸಿದರು.

ಸದಸ್ಯರ ಯಾದಿಯ ಪ್ರೋಗ್ರಾಮನ್ನು ಹುಬ್ಬಳ್ಳಿಯ ಕಂಪ್ಯೂಟರ್ ಕಂಪನಿಯವರು ತಿದ್ದಿ ತಿದ್ದಿ ಫ್ಲಾಪಿಯಲ್ಲಿ ಕಳಿಸುತ್ತಿದ್ದರು, ಪ್ರತಿಯೊಂದಕ್ಕೂ ಒಂದು ಅಂಕಿ: 3.8, 3.9. ಹಳೆಯವೂ ಯಂತ್ರದಲ್ಲೇ ಉಳಿಯುತ್ತಿದ್ದುದರಿಂದ, ಯಾವ ಅಂಕಿ ದೊಡ್ಡದೋ ಅದೇ ಹೊಸದೆಂದು ಯಂತ್ರ ತಾನೇ ಓದಿ ಆರಿಸಿಕೊಳ್ಳುವ ಏರ್ಪಾಡನ್ನು ಮಾಸ್ತರರು ಸ್ವತಃ ಬರೆದಿದ್ದರು. ಆ ಶ್ರಾವಣದಲ್ಲಿ, ತೀರಿಹೋದವರ ಹೆಸರುಗಳನ್ನೆಲ್ಲ ಅಳಿಸಿದ 3.10 ಬಂತು. ಅಳಿದವರಲ್ಲಿ ತಿರ್ಲಾಪುರದ ಹೊಲದ ಒಡತಿ, ಮಾಸ್ತರರ ಹೆಂಡತಿ ಲೀಲಾಬಾಯಿಯೂ ಒಬ್ಬರು. ಮಾಸ್ತರರು ಫ್ಲಾಪಿಯ ಚೀಟಿಯ ಮೇಲಿನ ಕೊನೆಯ ಸೊನ್ನೆಗೆ ಕೆಂಪು ಗೀರೆಳೆದು ಅದನ್ನು ಯಂತ್ರದೊಳಗಿಟ್ಟರು.

ಸಭೆಯ ನೋಟೀಸುಗಳು ಅಚ್ಚಾಗಿ ಹೊರಬಿದ್ದಾಗ ಸತ್ತವರೆಲ್ಲ ಸಾಲಾಗಿ ಮರಳಿದ್ದರು. ಹೊಸ ಫ್ಲಾಪಿಯನ್ನು ತೆರೆದು ನೋಡಿದರೆ ಅವರು ಅಲ್ಲಿಲ್ಲ. ಅಚ್ಚಿಗೆ ಕೊಟ್ಟರೆ ಮತ್ತೆ ಬರುತ್ತಿದ್ದರು. ಮಾಸ್ತರರು ಲೀಲಾಬಾಯಿಯ ನೋಟೀಸನ್ನು ಹರಿಯಲಾಗದೆ ಮಡಿಸಿ ಕೋಟಿನಲ್ಲಿಟ್ಟುಕೊಂಡರು.

ಮಿಕ್ಕವನ್ನು ಸಂಘದವರು ಆಗಲೇ ಊರಿಗೆಲ್ಲ ಹಂಚಿಬಿಟ್ಟಿದ್ದರು. ಗುಡದಪ್ಪನ ವಿಧವೆ ದುರಗವ್ವ ಗಂಡನ ಹೆಸರಿನ ನೋಟೀಸು ಹಿಡಿದು ಬಂದಳು.

"ಒಂಬತ್ತ ದಿನಾ ಅತ್ತು, ಹತ್ತನೇ ದಿನ ಎಡಿ ಇಟ್ಟು ಕಳಿಸೇನ್ರಿ. ಕಳಿಸಿದವರನ್ನ ಮತ್ತ ಯಾಕ ಕರೀತೀರಿ? ನಿನ್ನಿಯಿಂದ ಬಾಗಲಾ ಹಾಕಾಕ ಮನಸ ಬರವಲ್ದ್ರಿ."

ಒಂಬತ್ತಾದ ಮೇಲೆ ಹತ್ತು; 3.9 ಆದ ಮೇಲಿನ ಹತ್ತನೆಯ ತಿದ್ದುಪಡಿಯೇ 3.10. ಮಾಸ್ತರರು ತಮ್ಮ ಕೆಂಪು ಗೀರನ್ನೇ ನೋಡುತ್ತ ಕುಳಿತರು. ಅವರು ಕಲಿಸಿದಂತೆ ಯಂತ್ರವೂ ಸೊನ್ನೆಯನ್ನು ಬಿಟ್ಟು 3.10ನ್ನು 3.1 ಎಂದು ಓದಿತ್ತು, 3.9 ಅದಕ್ಕಿಂತ ದೊಡ್ಡದಾಗಿ, ಹಳೆಯ ಯಾದಿಯೇ ಗೆದ್ದಿತ್ತು.

"ತಪ್ಪು ನಂದೇ ಅದ, ದುರಗವ್ವ," ಎಂದರು.

ತಿದ್ದಿದರೆ ಲೀಲಾಬಾಯಿಯನ್ನು ತಮ್ಮ ಕೈಯಾರೆ ಎರಡನೆಯ ಸಲ ಕಳಿಸಬೇಕು. ಬಾಗಿಲು ತೆರೆದಿಟ್ಟು ಕಾಯುವ ಈ ಹೆಂಗಸಿಗಾಗಿ ತಿದ್ದಿದರು. ಚುಕ್ಕೆಯಲ್ಲಿ ಅಂಕಿಯನ್ನು ಮುರಿದು, ಎರಡು ಪಾಲನ್ನೂ ಬೇರೆಬೇರೆ ಪೂರ್ಣಸಂಖ್ಯೆಗಳಾಗಿ ಹೋಲಿಸುವಂತೆ ಬರೆದರು. ಯಾದಿ ಶುದ್ಧವಾಗಿ ಅಚ್ಚಾಯಿತು. ಲೀಲಾಬಾಯಿಯ ಹೆಸರಿದ್ದಲ್ಲಿ ಮಾತ್ರ ಪ್ರಿಂಟರಿನ ಮೂತಿ ಏನನ್ನೂ ಒತ್ತದೆ ಆ ತುದಿಯಿಂದ ಈ ತುದಿಗೆ ಸರಿದು, ಒಂದು ಸಾಲು ಖಾಲಿ ಬಿಟ್ಟು ಮುಂದೆ ಹೋಯಿತು. ಹಾಗೆ ಮಾಡೆಂದು ಯಾರೂ ಬರೆದಿರಲಿಲ್ಲ.

ಜೀವಮಾನವಿಡೀ ಪರರ ತಪ್ಪು ತಿದ್ದಿದವರು ತಮ್ಮದನ್ನೂ ನಿರ್ದಯವಾಗಿ ತಿದ್ದಿಕೊಳ್ಳುತ್ತಾರೆ. ಆದರೆ ಆ ಖಾಲಿ ಸಾಲಿನ ಕಾರಣವನ್ನು ಮಾಸ್ತರರು ಹುಡುಕಲಿಲ್ಲ. ಅಂಥವರೂ ಒಂದು ತಪ್ಪನ್ನು ತಮಗಾಗಿ ಉಳಿಸಿಕೊಳ್ಳುತ್ತಾರೆ.