ಒಂದು ಹಾಸಿಗೆಯೋ, ಎರಡೋ

ಬೇಕರಿಯ ಒಲೆಯೊಳಗಿನ ಇಟ್ಟಿಗೆ ಬಿರುಕು ಬಿಟ್ಟಿತು. ಬಿಚ್ಚಿ ಕಟ್ಟಲು ಎರಡು ದಿನ ಬೇಕೆಂದಾಗ ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಮಾತ್ರ ಒಳಗೊಳಗೇ ಕುಣಿದೆ. ಆರು ವರ್ಷದಿಂದ ದಿನಾ ಮೂರು ಗಂಟೆಗೆ ಎದ್ದು ಹಿಟ್ಟು ನಾದುವವಳಿಗೆ ಎರಡು ದಿನ ರಜೆ ಎಂದರೆ ಸಾಮಾನ್ಯವೇ? ಮನೆಗೆ ಬಂದವಳೇ ನಮ್ಮವರಿಗೆ ಹೇಳಿದೆ. "ಕೆರೆ ಹತ್ರ ಹೋಗೋಣ ರೀ. ವ್ಯಾನಲ್ಲೇ ಮಲಗೋಣ."

ನಮ್ಮವರು ಕಾರಿನ ಸೀಟು ಹೊಲಿಯುವವರು. ಬಾಯಿಂದ ಮಾತು ಬರುವ ಮೊದಲು ಜೇಬಿನಿಂದ ಟೇಪು ಬರುತ್ತದೆ. ನೇರ ಹೋಗಿ ವ್ಯಾನಿನ ಹಿಂದಿನ ಸೀಟುಗಳನ್ನು ಬಿಚ್ಚಿಟ್ಟರು. ಚಕ್ರದ ಉಬ್ಬುಗಳ ನಡುವೆ ಅಳತೆ ಹಿಡಿದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಹಾಸಿಗೆಯ ಗುರುತು ಹಾಕಿದರು. ಒಂದಲ್ಲ, ಎರಡು.

"ಎರಡು ಸಿಂಗಲ್ ಸರಿಯಾಗಿ ಕೂರುತ್ತೆ. ಮಧ್ಯೆ ನಾಲ್ಕು ಬೆರಳು ಜಾಗಾನೂ ಉಳಿಯುತ್ತೆ," ಎಂದು ದೊಡ್ಡ ಸಾಧನೆ ಮಾಡಿದವರಂತೆ ನನ್ನ ಮುಖ ನೋಡಿದರು.

ಆ ನಾಲ್ಕು ಬೆರಳಿನ ಜಾಗ ನನಗೆ ಹೊಸದಲ್ಲ. ನಾನು ಬೇಕರಿಗೆ ಸೇರಿದ ಎರಡನೇ ವಾರವೇ ಇವರು ದಿಂಬು ಕಂಕುಳಲ್ಲಿಟ್ಟುಕೊಂಡು ಹೊಲಿಗೆ ಕೋಣೆಗೆ ಹೋದವರು. ಯಾಕೆ ಎಂದರೆ "ಅಲ್ಲಿ ಗಾಳಿ ಚೆನ್ನಾಗಿದೆ" ಅಂದಿದ್ದರು. ನನ್ನ ಪಕ್ಕ ಮಲಗಿ ಸಾಕಾಗಿರಬೇಕು ಎಂದುಕೊಂಡೆ. ಕೇಳಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಇಂಥದ್ದಕ್ಕೆ ಮಾತ್ರ ಬಾಯಿ ಬರುವುದಿಲ್ಲ. ಈ ಎರಡು ದಿನವೂ ಬೇರೆ ಬೇರೆ ಮಲಗಿದರೆ ಇನ್ನು ಜನ್ಮಪೂರ್ತಿ ಹೀಗೇ ಎಂದು ನನಗೆ ಖಾತ್ರಿಯಾಗಿತ್ತು.

ಡೇರೆ, ಹಾಸಿಗೆ ಮಾರುವ ಅಂಗಡಿಗೆ ನಾವು ಹೋದಾಗ ಮಧ್ಯಾಹ್ನ. ಮೇಲಿನಿಂದ ಹಸಿರು, ನೀಲಿ ಡೇರೆಗಳನ್ನು ಇಳಿಬಿಟ್ಟಿದ್ದರು. ಗಾಜಿನ ಮಾಡಿನಿಂದ ಬಂದ ಬಿಸಿಲು ಅವನ್ನು ದಾಟಿ ಬರುವಷ್ಟರಲ್ಲಿ ಮೆತ್ತಗಾಗಿ, ನೆಲದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಒಳಗೆ ಕಾಲಿಟ್ಟರೆ ಸಾಕು, ಆಕಳಿಕೆ ಬರಬೇಕು.

ನಮ್ಮವರು ಒಂದೊಂದೇ ಹಾಸಿಗೆಗೆ ಹೆಬ್ಬೆರಳು ಒತ್ತಿ ನೋಡತೊಡಗಿದರು. "ಇದು ಮೆದು. ಇದು ಸ್ವಲ್ಪ ಬಿಗಿ. ಇದು ಒಂದೇ ವರ್ಷಕ್ಕೆ ಕುಸಿಯುತ್ತೆ."

"ಹೆಬ್ಬೆರಳಲ್ಲಿ ಮಲಗ್ತೀರಾ ಅಣ್ಣಾ?" ಎಂದು ಅಂಗಡಿಯಾಕೆ ನಕ್ಕಳು. ಅವಳದ್ದೊಂದು ನಿಯಮವಿತ್ತು. ಕೊಳ್ಳುವವರು ಚಪ್ಪಲಿ ಬಿಟ್ಟು, ಬಾಯಿ ಮುಚ್ಚಿಕೊಂಡು, ಹಾಸಿಗೆಯ ಮೇಲೆ ಕಾಲು ಗಂಟೆ ಮಲಗಲೇಬೇಕು. ಇಲ್ಲದಿದ್ದರೆ ಮಾರುವುದಿಲ್ಲ. "ಮೊದಲ ಐದು ನಿಮಿಷ ಮೈ ಸುಳ್ಳು ಹೇಳುತ್ತೆ ಅಕ್ಕಾ. ಎಲ್ಲಾ ಚೆನ್ನಾಗೇ ಇದೆ ಅನ್ನುತ್ತೆ. ಸೊಂಟ ನಿಜ ಹೇಳೋದು ಆಮೇಲೆ. ಸರಿ, ಎಷ್ಟು ಬೇಕು? ಒಂದು ಅಗಲದ್ದಾ, ಎರಡು ಸಿಂಗಲ್ಲಾ?"

"ಎರಡು," ಎಂದರು ಇವರು.

"ಅಗಲದ್ದೂ ನೋಡಿದ್ರೆ ಏನು ಗಂಟು ಹೋಗುತ್ತೆ?" ಎಂದೆ ನಾನು. ದನಿ ಸ್ವಲ್ಪ ಜೋರೇ ಆಯಿತು.

ಅವಳು ಅಂಗಡಿಯ ಹಿಂಭಾಗದಲ್ಲಿ ಒಂದು ಅಗಲವಾದ ಗಾಳಿ ಹಾಸಿಗೆಯನ್ನು ಕಾಲಿನ ಪಂಪಿನಿಂದ ಉಬ್ಬಿಸಿ ಕೊಟ್ಟು ಹೋದಳು. ಒಂದು ಗೇಣು ದಪ್ಪ. ನಾನು ಆ ಅಂಚಿಗೆ, ಇವರು ಈ ಅಂಚಿಗೆ ಮಲಗಿದೆವು. ಇವರು ಉಸಿರೆಳೆದರೂ ನಾನು ತೂಗುತ್ತಿದ್ದೆ. ಆರು ವರ್ಷದ ಮೇಲೆ ಪಕ್ಕದಲ್ಲಿ ಇನ್ನೊಂದು ಭಾರವಿತ್ತು. ಅತ್ತುಬಿಡುತ್ತೇನೇನೋ ಎನ್ನಿಸಿತು. ಅಳುವ ಬದಲು ನಿದ್ದೆ ಬಂತು.

ಕನಸಿನಲ್ಲಿ ನಾವು ಮಲಗಿದ್ದು ಹಿಟ್ಟಿನ ಮೇಲೆ. ಬೇಕರಿಯ ತೊಟ್ಟಿ ತುಂಬಿ, ಹಿಟ್ಟು ಸದ್ದಿಲ್ಲದೆ ಉಬ್ಬುತ್ತಿತ್ತು. ನಮ್ಮನ್ನು ಹೊತ್ತುಕೊಂಡೇ ಬಾಗಿಲು ದಾಟಿತು, ಬೀದಿ ತುಂಬಿತು, ಮನೆಗಳ ಮಹಡಿಗಿಂತ ಎತ್ತರಕ್ಕೆ ಏರಿತು. ಕೆಳಗೆ ನಮ್ಮ ವ್ಯಾನು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಬೆಚ್ಚಗಿತ್ತು, ಭಯವೇನೂ ಇರಲಿಲ್ಲ. ಆದರೆ ಉಬ್ಬಿದಷ್ಟೂ ಇವರು ದೂರ ದೂರ ಸರಿಯುತ್ತಿದ್ದರು, ದಿಂಬಿನ ಸಮೇತ. ರೀ ಎಂದು ಕೂಗಿದೆ. ಬಾಯಿಂದ ಬರೀ ಹಿಟ್ಟಿನ ಧೂಳು ಬಂತು.

ಎಚ್ಚರವಾದಾಗ ಹಾಸಿಗೆ ಅಲುಗುತ್ತಿರಲಿಲ್ಲ. ಪಕ್ಕಕ್ಕೆ ಕೈ ಚಾಚಿದೆ. ಖಾಲಿ.

ಇಲ್ಲೂ ಎದ್ದು ಹೋದರಾ ಎಂದು ಪಿತ್ತ ನೆತ್ತಿಗೇರಿ, ಅಂಚಿಗೆ ತೆವಳಿ ಬಗ್ಗಿ ನೋಡಿದೆ. ನಮ್ಮವರು ಬರೀ ಸಿಮೆಂಟು ನೆಲದ ಮೇಲೆ ಅಂಗಾತ ಮಲಗಿದ್ದರು, ಕಣ್ಣು ಬಿಟ್ಟುಕೊಂಡು. ಒಂದು ಕೈ ಮೇಲೆತ್ತಿ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದರು.

"ಏನ್ರೀ ಇದು?"

"ಷ್, ಮಲಗು ಇವಳೇ. ನಾನು ಮೈ ಅಲ್ಲಾಡಿಸಿದ್ರೆ ಇಡೀ ಹಾಸಿಗೆ ಅಲ್ಲಾಡುತ್ತೆ. ನಿನಗೆ ಎಚ್ಚರ ಆಗುತ್ತೆ ಅಂತ ಮೆಲ್ಲಗೆ ಇಳಿದೆ. ಇಳಿದ್ರೆ ನೀನು ಒಂದು ಕಡೆ ವಾಲ್ತೀಯ, ಅದಕ್ಕೇ ಹಿಡ್ಕೊಂಡಿದೀನಿ."

"ಎಷ್ಟು ಹೊತ್ತಿಂದ?"

"ಒಂದು ಗಂಟೆ ಆಗಿರಬೇಕು. ಎಬ್ಬಿಸಬೇಡ ಅಂತ ಆಯಮ್ಮಂಗೂ ಹೇಳಿದೀನಿ."

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಇವರನ್ನು ಎಷ್ಟು ಸಲ ಆಡಿಕೊಂಡಿದ್ದೆನೋ ಲೆಕ್ಕವಿಲ್ಲ. ಮೆಲ್ಲಗೆ ಕೇಳಿದೆ. "ಅವತ್ತು ಹೊಲಿಗೆ ಕೋಣೆಗೆ ಹೋಗಿದ್ದೂ ಇದಕ್ಕೇನಾ?"

ಇವರು ಮೇಲಿನ ಡೇರೆಗಳನ್ನು ನೋಡಿದರು. "ನಿನಗೆ ಸಿಗೋದೇ ಐದು ಗಂಟೆ ನಿದ್ದೆ. ಅದರಲ್ಲಿ ನಾನೂ ಪಾಲು ಕೇಳೋದಾ?"

"ಗಾಳಿ ಚೆನ್ನಾಗಿದೆ ಅಂದ್ರಲ್ಲ?"

"ಯಾವ ಗಾಳಿ? ಆ ಕಿಟಕಿಗೆ ಸ್ಪಂಜಿನ ಹಾಳೆ ಒಟ್ಟಿ ಹತ್ತು ವರ್ಷ ಆಯ್ತು."

ಆ ಕೋಣೆಯನ್ನು ದಿನಾ ಗುಡಿಸುವವಳು ನಾನು. ಸ್ಪಂಜಿನ ಹಾಳೆಗಳ ಧೂಳನ್ನೂ ಹೊಡೆದಿದ್ದೇನೆ. ಕಣ್ಣಿದ್ದೂ ಕುರುಡಿಯಾಗಿದ್ದೆನಲ್ಲ ಎಂದು ನಾಚಿಕೆಯಾಯಿತು. ಮನಸ್ಸು ಹಗುರವಾಯಿತು, ಹಾಳು ಮನುಷ್ಯ ಒಂದು ಮಾತು ಹೇಳಬಾರದಿತ್ತಾ ಎಂದು ಸಿಟ್ಟೂ ಬಂತು. ಎಲ್ಲ ಸೇರಿ ಕಣ್ಣೀರಾಗಿ ಇಳಿಯಿತು.

"ನಾನು ಆರು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ರೀ," ಎಂದೆ. "ಪಕ್ಕ ಖಾಲಿ ಇದ್ರೆ ನನಗೆ ನಿದ್ದೆ ಹತ್ತಲ್ಲ. ಇವತ್ತು ಒಂದು ಗಂಟೆ ಸತ್ತ ಹಾಗೆ ಮಲಗಿದೆ. ನೀವು ಅಲ್ಲಾಡಿಸ್ತಿದ್ದಾಗಲೇ ನಿದ್ದೆ ಬಂದಿದ್ದು."

ಇವರು ಕತ್ತು ಹೊರಳಿಸಿ ನನ್ನ ಮುಖ ನೋಡಿದರು. ಅಂಚು ಹಿಡಿದ ಕೈಯನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಅಂಗಡಿಯಾಕೆ ಬಂದಳು. ನನ್ನ ಮುಖ, ನೆಲದ ಮೇಲಿದ್ದ ಇವರನ್ನು ನೋಡಿ ಏನು ಅರ್ಥ ಮಾಡಿಕೊಂಡಳೋ, ಓಡಿ ಹೋಗಿ ಇನ್ನೊಂದು ಸುರುಳಿ ತಂದು ಬಿಚ್ಚಿದಳು. "ಅಲ್ಲಾಡುತ್ತೆ ಅಂತ ತಾನೇ ತೊಂದರೆ? ಇದನ್ನ ನೋಡಿ. ಅಷ್ಟೇ ಅಗಲ, ಒಳಗೆ ಪೂರ್ತಿ ಸ್ಪಂಜು. ಒಬ್ಬರು ಎದ್ದು ಕುಣಿದ್ರೂ ಇನ್ನೊಬ್ಬರಿಗೆ ಗೊತ್ತಾಗಲ್ಲ. ನೆಲದ ಚಳಿಯೂ ಏರಲ್ಲ."

ನಮ್ಮವರ ಕಣ್ಣು ಅರಳಿತು. ಮಲಗಿದಲ್ಲಿಂದಲೇ ಹೆಬ್ಬೆರಳು ಚಾಚಿ ಒತ್ತಿದರು. "ಒಳ್ಳೆ ಮಾಲು ಇವಳೇ. ಇದೇ ಇರಲಿ."

"ಬೇಡ," ಎಂದೆ. "ನನಗೆ ಈ ಅಲ್ಲಾಡೋದೇ ಬೇಕು."

"ಅಕ್ಕಾ, ಅಣ್ಣ ಹೊರಳಿದಾಗೆಲ್ಲ ಎಚ್ಚರ ಆಗುತ್ತೆ."

"ಆಗಲಿ ತಾಯಿ. ಆದ್ರೆ ಇವರು ಇದಾರೆ ಅಂತ ಗೊತ್ತಾಗುತ್ತೆ, ಮತ್ತೆ ಮಲಗ್ತೀನಿ."

ಅಂಗಡಿಯಾಕೆ ಸ್ಪಂಜಿನ ಹಾಸಿಗೆಯನ್ನು ಸುರುಳಿ ಸುತ್ತಿದಳು. ನಾನು ತೆವಳಿಕೊಂಡು ನನ್ನ ಅಂಚಿಗೆ ವಾಪಸ್ ಹೋದೆ. ನಮ್ಮವರು ಮೊಣಕೈಯೂರಿ, ಸೊಂಟ ಹಿಡಿದುಕೊಂಡು ನೆಲದಿಂದ ಎದ್ದರು. ಸ್ವಲ್ಪ ಹೊತ್ತು ಮೀನಮೇಷ ಎಣಿಸುತ್ತಾ ನಿಂತು, ಆಮೇಲೆ ಹಾಸಿಗೆಯ ಅಂಚಿಗೆ ಭಾರ ಬಿಟ್ಟು ಕೂತರು. ಆಚೆ ಅಂಚಿನಲ್ಲಿ ನಾನು ಒಂದು ಗೇಣು ಮೇಲೆದ್ದೆ.