ಕೌದಿಯ ಒಳಪದರ

"ಇಷ್ಟ ಸಣ್ಣ ಮನ್ಯಾಗ ಇಷ್ಟ ಸಾಮಾನ ಯಾರಿಗೆ ಬೇಕ?"

ಮಾರ್ಥಾ ಕೇಳಿದ್ದು ಯಾರನ್ನೂ ಅಲ್ಲ. ಅತ್ತೆ ಕತ್ರಿನ್‌ಬಾಯಿ ತಂಗಿಯ ಮೊಮ್ಮಗಳ ಮದುವೆಗೆಂದು ಮುಂಡಗೋಡಕ್ಕೆ ಹೋಗಿ ಎರಡು ದಿನವಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ಹಿಡಿದು, ಅವಳು ಹೊಸ್ತಿಲಲ್ಲಿ ನಿಂತು ತನ್ನ ಮನೆಯನ್ನು ಬೇರೆ ಯಾರದೋ ಮನೆಯ ಹಾಗೆ ನೋಡಿದಳು.

ತೇರಗಾಂವದಿಂದ ಎರಡು ಮೈಲು ಒಳಗೆ, ಸಿದ್ದಿಗಳ ಕೇರಿಯಲ್ಲಿ ಕಡೆಯ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಮೂಲೆಯಲ್ಲಿ ಹಿಡಿಕೆ ಹೋದ ಕುಡುಗೋಲು, ತಳ ತೂತಾದ ಕೊಡ, ಕಡ್ಡಿ ಮುರಿದ ಮೂರು ಕೊಡೆ. ತೊಲೆಗೆ ಕಟ್ಟಿದ ಬಿದಿರಿನ ಮೇಲೆ ಮಡಿಸಿ ಹಾಕಿದ ಹಳೆಯ ಕೌದಿ, ಅದರ ಪಕ್ಕ ಚಿಂದಿಯ ಎರಡು ಗಂಟು.

ಮಾರ್ಥಾ ಕೋಗಿಲಬನದ ಒಂದು ಹೋಮ್‌ಸ್ಟೇಯಲ್ಲಿ ಕೋಣೆ ಹಸನು ಮಾಡುವವಳು. ಅಲ್ಲಿಯ ಕೋಣೆಗಳಲ್ಲಿ ಕಣ್ಣಿಗೆ ಅಡ್ಡ ಬರುವಂಥದು ಏನೂ ಇಲ್ಲ. "ವರ್ಷ ಮುಟ್ಟಲಾರದ ಸಾಮಾನ ಮನ್ಯಾಗ ಇರಬಾರದು ಮಾರ್ಥಾ. ಅದು ಬಾಡಗಿ ಕೊಡದ ಕುಂತಂಗ," ಎಂದು ಒಡತಿ ಶೈಲಾ ಹೇಳುತ್ತಿದ್ದಳು.

ಆದರೆ ಮಾರ್ಥಾ ಕಸಬರಿಗೆ ಹಿಡಿದದ್ದು ಶೈಲಾಳ ಮಾತಿಗಲ್ಲ. ಮಗಳು ಜ್ಯೋತಿ ಎರಡನೆಯ ಹೆರಿಗೆಗೆ ಹದಿನೈದು ದಿನದಲ್ಲಿ ಬರುವವಳಿದ್ದಳು. ಮೊದಲನೆಯ ಕೂಸು ಇದೇ ಮನೆಯಲ್ಲಿ ನಲವತ್ತು ದಿನ ಬದುಕಿ, ಕೆಮ್ಮಿ ಕೆಮ್ಮಿ ಹೋಗಿತ್ತು. ಆಗ ಬಂದ ನರ್ಸಮ್ಮ ಕೂಸಿನ ಮುಖಕ್ಕಿಂತ ಮೊದಲು ತೊಲೆಯ ಕಡೆ ನೋಡಿದ್ದಳು. "ಈ ಧೂಳಿನ್ಯಾಗ ನಮಗ ಉಸರಾಡಾಕ ಆಗವಲ್ದು, ಅದಕ್ಕ ಹೆಂಗ ಆದೀತ್ರಿ?" ಮೂರು ವರ್ಷವಾದರೂ ಆ ಮಾತು ಮಾರ್ಥಾಳನ್ನು ಬಿಟ್ಟಿರಲಿಲ್ಲ. ಈ ಸಲ ಜ್ಯೋತಿಯೇ ಫೋನಿನಲ್ಲಿ ಹೇಳಿದ್ದಳು: "ಅವ್ವಾ, ಮನಿ ಧೂಳ ತಗದ ಇಡು. ನಂಗ ಹೆದರಿಕಿ ಆಕ್ಕೈತಿ."

ಕೊಡ, ಕೊಡೆ, ಕುಡುಗೋಲು ಅಂಗಳಕ್ಕೆ ಹೋದವು. ಉಳಿದದ್ದು ಬಿದಿರಿನ ಮೇಲಿನದು.

ಅವರ ಕೇರಿಯಲ್ಲಿ ಹಳೆಯ ಕೌದಿಯನ್ನು ಎಸೆಯುವ ಪದ್ಧತಿಯಿಲ್ಲ. ಹರಿದರೆ ಎರಡೂ ಮೈಗೆ ಬೇರೆ ತುಂಡು ಹೊದಿಸಿ ಮತ್ತೆ ಹೊಲಿಯುತ್ತಾರೆ. ಹೊಸದರ ಹೊಟ್ಟೆಯಲ್ಲಿ ಹಳೆಯದು, ಅದರ ಹೊಟ್ಟೆಯಲ್ಲಿ ಅದಕ್ಕೂ ಹಳೆಯದು. ಕತ್ರಿನ್‌ಬಾಯಿ ಹೊಲಿಯುವಾಗ ಕೊಂಕಣಿಯ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ಒಂದು ಸಾಲು ಮಾತಿಗೆ ಒಂದು ಸಾಲು ದಾರ. ಮಾತು ಮರೆತರೆ ಸೂಜಿ ನಿಲ್ಲುತ್ತಿತ್ತು. ಹುಟ್ಟುವ ಕೂಸಿಗಾಗಿ ಈ ಕೌದಿಗೆ ಹೊಸ ಮೈ ಹಾಕುತ್ತೇನೆಂದು ಅವಳು ಹೇಳಿಯೇ ಹೋಗಿದ್ದಳು. ಮಾರ್ಥಾ ಕೌದಿಯನ್ನು ಕೆಳಗೆಳೆದಳು. ಧೂಳು ಮೂಗಿಗೆ ಅಡರಿ ಕೆಮ್ಮು ಬಂತು. ಆ ಕೆಮ್ಮಿನೊಂದಿಗೆ ಅವಳ ಮನಸ್ಸು ಗಟ್ಟಿಯಾಯಿತು. ಕೂಸಿಗೆ ಹೊಸ ಅರಿವೆಯದೇ ಹೊಲಿದರಾಯಿತು, ನಾಲ್ಕು ತಲೆಮಾರಿನ ಧೂಳು ಬೇಡ.

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ನಸ್ರೀನ ಅದೇ ಹೊತ್ತಿಗೆ ಬುಟ್ಟಿ ಹೊತ್ತು ಕೂಗುತ್ತ ಬಂದಳು.

"ಏನ್ ಮಾರ್ಥಾಬಾಯಿ, ಸಾಮಾನೆಲ್ಲಾ ಅಂಗಳದಾಗ? ಯಾರ ಜೋಡಿ ಓಡಿ ಹೊಂಟೀರಿ?"

"ಈ ವಯಸ್ಸಿನ್ಯಾಗ ನನ್ನ ಯಾರ ಕರಕೊಂಡ ಹೋಗ್ತಾರವಾ? ಇದನ್ನ ನೋಡು."

ನಸ್ರೀನ ಕೌದಿಯ ಅಂಚು ಹಿಡಿದು ಜಗ್ಗಿದಳು. "ಅಯ್ಯ, ಇದು ಅರಿವಿ ಅಲ್ಲ, ಗ್ವಾಡಿ ಐತಿ! ನಿಮ್ಮ ಅತ್ತಿ ಹೊಲಿದಾರೋ, ಕಟ್ಟ್ಯಾರೋ?"

"ಎಷ್ಟ ದಪ್ಪ ಅಷ್ಟ ಚಿಂದಿ. ಆ ದೊಡ್ಡ ಡಬ್ಬಿ ಕೊಡು, ಮುಚ್ಚಳದ್ದು. ಕೂಸಿನ ಅರಿವಿ ಇಡಾಕ ಬೇಕು."

"ಅದಕ್ಕ ಇದೊಂದ ಸಾಲೂದಿಲ್ಲ. ಗಂಟೂ ಹಾಕ್ರಿ."

"ಒಯ್ಯಿ."

ನಸ್ರೀನ ಗಂಟು ಎತ್ತುವ ಮೊದಲು ಒಂದು ಕ್ಷಣ ನಿಂತಳು. "ಅಲ್ಲಾ, ನಿಮ್ಮ ಅತ್ತೀನ್ನ ಕೇಳೀರಿಲ್ಲೋ?"

"ನನ್ನ ಮನಿ ನಾ ಹಸನ ಮಾಡಾಕ ಯಾರನ್ನ ಕೇಳಬೇಕ?"

ಸಂಜೆಯ ಹೊತ್ತಿಗೆ ನೆಲ ಒರೆಸಿ ಒಣಗಿತ್ತು. ತೊಲೆ ಬರಿದಾಗಿ ಕೋಣೆ ಎತ್ತರವಾದಂತೆ ಕಂಡಿತು. ಮಾರ್ಥಾ ನಡುವೆ ಕೂತು ದೀರ್ಘವಾಗಿ ಉಸಿರಾಡಿದಳು. ಇಲ್ಲಿ ಕೂಸು ಬದುಕುತ್ತದೆ ಎಂದು ಅವಳಿಗೆ ಆ ದಿನ ನಿಜವಾಗಿ ಅನ್ನಿಸಿತು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಕತ್ರಿನ್‌ಬಾಯಿ ಬಂದಳು. ಕಾಲು ತೊಳೆದು ಒಳಗೆ ಬಂದು ತಲೆಯೆತ್ತಿದಳು. ಬರಿದಾದ ಬಿದಿರನ್ನು ನೋಡಿದಳು.

"ಸೈಮನ್ ಎಲ್ಲಿ?"

ಮಾರ್ಥಾ ನೀರಿನ ತಂಬಿಗೆ ಕೆಳಗಿಟ್ಟಳು. ಅವಳ ಗಂಡ ಸೈಮನ್, ಈ ಮುದುಕಿಯ ಒಬ್ಬನೇ ಮಗ, ಸತ್ತು ಆರು ವರ್ಷವಾಗಿತ್ತು. ಜೋಯಿಡಾದ ಘಾಟಿನಲ್ಲಿ ಅವನು ಓಡಿಸುತ್ತಿದ್ದ, ಬಿದಿರು ಹೇರಿದ ಲಾರಿ ಮಗುಚಿಬಿದ್ದಿತ್ತು.

"ಅತ್ತಿ, ಏನ್ ಮಾತಾಡ್ತೀರಿ?"

"ಅಂವನ ಖಾಕಿ ಅಂಗಿ. ದವಾಖಾನಿಂದ ಕೊಟ್ಟದ್ದು. ಕಣ್ಣಿಗೆ ಕಾಣದಂಗ ಇಡ್ರಿ ಅಂತ ನೀನ ಅಂದಿದ್ದಿ. ಒಗದು, ಕೌದಿ ಒಳಗ ಇಟ್ಟ ಹೊಲಿದೆ. ನಿನ್ನ ಕಣ್ಣಿಗೂ ಬೀಳಬಾರದು, ಮನಿ ಬಿಟ್ಟೂ ಹೋಗಬಾರದು ಅಂತ."

ಅಷ್ಟು ಹೇಳಿ ಮುದುಕಿ ಗೋಡೆಗೆ ಒರಗಿ ಕೂತಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಮಾರ್ಥಾಳಿಗೆ ಉತ್ತರವಿತ್ತು.

ಮಾರ್ಥಾ ಅದೇ ಬಸ್ಸು ತಿರುಗಿ ಬರುವುದನ್ನು ಹಿಡಿದು ನಸ್ರೀನಳ ಮನೆಯಿದ್ದ ಹಳಿಯಾಳಕ್ಕೆ ಹೋದಳು. ನಸ್ರೀನಳ ಅಂಗಳದಲ್ಲಿ ಹೊಲಿಗೆ ಬಿಚ್ಚಿದ ಬಟ್ಟೆಗಳು ಅಂಗೈ ಅಗಲದ ತುಂಡುಗಳಾಗಿ ಚೀಲ ಸೇರುತ್ತಿದ್ದವು.

"ಖಾಕಿ ಅಂಗಿ?" ನಸ್ರೀನ ಕತ್ತರಿ ಕೆಳಗಿಟ್ಟಳು. "ಇತ್ರಿ. ನಡುಪದರದಾಗ. ಬೆಳಿಗ್ಗೆನ ಗ್ಯಾರೇಜಿಗೆ ಹೋತು. ಖಾಕಿ ಎಣ್ಣಿ ಚಲೋ ಹೀರತೈತಿ, ಮೊದಲ ಅದನ್ನ ಕೇಳ್ತಾರ ಅವರು." ಆಮೇಲೆ ಮಾರ್ಥಾಳ ಮುಖ ನೋಡಿ, "ಯಾರದ ಇತ್ತರೀ?" ಎಂದಳು.

ಬಸ್ ನಿಲ್ದಾಣದಿಂದ ಮಗಳಿಗೆ ಫೋನು ಹಚ್ಚಿದಳು. ನಡೆದದ್ದನ್ನೆಲ್ಲ ಹೇಳಿದಳು.

"ಅಪ್ಪನ ಅಂಗಿ ಅದರಾಗ ಇದ್ದದ್ದು ನಂಗ ಗೊತ್ತಿತ್ತವ್ವಾ. ಅದರ ಮ್ಯಾಲೆ ಕೂಸಿನ್ನ ಮಲಗಸಬೇಕಂತ ಬರಾಕಿದ್ದೆ. ಧೂಳ ಝಾಡಸು ಅಂದಿದ್ದೆ, ಅಪ್ಪನ್ನ ಝಾಡಸು ಅಂದಿದ್ದಿಲ್ಲ."

"ನಂಗ ಯಾರೂ ಹೇಳಲಿಲ್ಲವಾ."

"ನೀ ಹೇಳಾಕ ಬಿಟ್ಟಿದ್ದೇನು? ಅಪ್ಪನ ಹೆಸರ ತಗದ್ರ ಎದ್ದ ಹೋಗ್ತಿದ್ದಿ. ಆಯಿ ಕೂಸಿಗೆ ಮತ್ತೊಂದ ಹೊಲಿದ್ರ ಬರ್ತೇನಿ. ಇಲ್ಲಾಂದ್ರ ಇಲ್ಲೇ ಹಡೀತೇನಿ. ನೀ ಒಬ್ಬಾಕಿನ ಹಸನ ಮಾಡಿದ ಮನಿಗೆ ನಾ ಬರೂದಿಲ್ಲ."

ಪೇಟೆಯಲ್ಲಿ ಮಾರ್ಥಾ ನಾಲ್ಕು ಬಣ್ಣದ ಹೊಸ ಅರಿವೆ ಕೊಂಡಳು. ಒಳ್ಳೆಯ ಹತ್ತಿ, ಮೆತ್ತನೆಯದು. ಬೇಡುವ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೊಂದಿಸಿಕೊಂಡಳು. ಮನೆ ಹೊಕ್ಕಾಗ ಕತ್ರಿನ್‌ಬಾಯಿ ಕೂತಲ್ಲಿಯೇ ಕೂತಿದ್ದಳು. ಮಾರ್ಥಾ ಅರಿವೆಗಳನ್ನು ಅವಳ ಮಡಿಲಿಗೆ ಇಟ್ಟು ಎದುರಿಗೆ ನೆಲದ ಮೇಲೆ ಕೂತಳು.

"ಅತ್ತಿ, ತಪ್ಪು ನಂದು. ನಂಗ ಏನರ ಅನ್ರಿ. ಹುಟ್ಟೂ ಕೂಸು ಏನ್ ಮಾಡೈತಿ? ನೀವು ಹೊಲಿದ್ರಷ್ಟ ಜ್ಯೋತಿ ಬರ್ತಾಳಂತ. ಹೊಲಿದ ಕೊಡ್ರಿ."

ಮುದುಕಿ ಅರಿವೆಯ ಒಂದು ತುದಿಯನ್ನು ಹೆಬ್ಬೆರಳಿನಿಂದ ತೀಡಿ ನೋಡಿದಳು. ನೂಲು ಚೆನ್ನಾಗಿಯೇ ಇತ್ತು.

"ಇದರಾಗ ಯಾರೂ ಇಲ್ಲ," ಎಂದಳು. "ನಾ ಹೊಲ್ಯಂಗಿಲ್ಲ."