ಕೆಂಪಯ್ಯ ಗೆದ್ದ ಸುದ್ದಿ

"ಸೋತೋನು ನಾನು ದೊರೆ, ನಾನು!" ಎಂದು ಕೆಂಪಯ್ಯ ಎದೆ ತಟ್ಟಿಕೊಂಡು ಮೂರನೆಯ ಸಲ ಹೇಳಿದ. ಸೋಲನ್ನು ಇಷ್ಟು ಜಂಬದಿಂದ ಹೇಳಿಕೊಳ್ಳುವ ಪೈಲ್ವಾನನನ್ನು ಹೆನ್ರಿ ವಿಟ್ಲಾಕ್ ಸಾಹೇಬರು ಆಟದ ಸುದ್ದಿ ಬರೆಯುವ ತಮ್ಮ ಮೂವತ್ತು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ.

ರಾಜಾಜಿನಗರದ ಅವರ ಬಾಡಿಗೆ ಮನೆಯ ಜಗಲಿಯ ಮೇಲೆ ಮಾರೇನಹಳ್ಳಿ ಗರಡಿಯ ಇಪ್ಪತ್ತು ಜನ ನೆರೆದಿದ್ದರು. ಕೆಂಪಯ್ಯ ಆ ಗರಡಿಯ ಗುರು, ವಯಸ್ಸು ನಲವತ್ತೆಂಟು. ಅವನ ಹಿಂದೆ ಬಾಗಿಲು ತುಂಬುವಂತೆ ನಿಂತಿದ್ದವನು ಶಿಷ್ಯ ಮುನಿರಾಜು. ಹಿಂದಿನ ದಿನ, ಭಾನುವಾರ, ಊರಿನಲ್ಲಿ ನಡೆದ ಕುಸ್ತಿಯಲ್ಲಿ ಕೊನೆಗೆ ಉಳಿದ ಜೋಡಿ ಇವರಿಬ್ಬರೇ. ಗೆದ್ದವನು ಮುನಿರಾಜು. ಇಂಗ್ಲಿಷ್ ಪೇಪರಿನಲ್ಲಿ ಮಾತ್ರ, ಸಾಹೇಬರ ಹೆಸರಿನ ಕೆಳಗೆ, ಕೆಂಪಯ್ಯ ಗೆದ್ದಿದ್ದ.

"ಅಯ್ಯೋ ಶಿವನೇ, ಇದೆಂಗಾಯ್ತವ್ವ?" ಎಂದರು ಸಾಹೇಬರು. ಅವರ ಕನ್ನಡವೆಲ್ಲ ಅಡುಗೆಯ ಶಿವಕ್ಕನಿಂದ ಕಲಿತದ್ದು. ಮೀಸೆ ಹೊತ್ತ ಗಂಡಸರನ್ನೂ ಅವರು ಅವ್ವಾ ಎಂದೇ ಮಾತಾಡಿಸುತ್ತಿದ್ದರು. ಜಗಲಿಯ ಜನ ತುಟಿ ಬಿಗಿದುಕೊಂಡು ನಗು ತಡೆದರು.

"ಅವನು ನಿನ್ನ ಕಾಲಿಗೆ ಬಿದ್ನಲ್ಲಾ? ನಾನೇ ಕಣ್ಣಾರೆ ನೋಡಿದೀನಿ," ಎಂದರು ಸಾಹೇಬರು ಮುನಿರಾಜುವನ್ನು ತೋರಿಸಿ.

"ಬೀಳದೇ ಇರ್ತಾನಾ ದೊರೆ? ಪಟ್ಟು ಹೇಳಿಕೊಟ್ಟ ಗುರೂನ ಚಿತ್ ಮಾಡವ್ನೆ. ಗೆದ್ದೋನು ಗುರು ಕಾಲಿಗೆ ಬೀಳ್ದಿದ್ರೆ ಆ ಮಣ್ಣು ಮತ್ತೆ ಮುಟ್ಟೋ ಹಂಗಿಲ್ಲ."

ಸಾಹೇಬರಿಗೆ ಎಲ್ಲ ಅರ್ಥವಾಯಿತು. ಕೊನೆಯ ಪಟ್ಟಿನ ಹೊತ್ತಿಗೆ ಜನ ಎದ್ದು ನಿಂತು ಅಖಾಡವೇ ಮರೆಯಾಗಿತ್ತು. ಸಂದಿಯಲ್ಲಿ ಕಂಡದ್ದು ಒಬ್ಬನ ಕಾಲ ಬಳಿ ಬಗ್ಗಿದ ಇನ್ನೊಬ್ಬ. ಸೋತವನು ಶರಣಾದ ಎಂದುಕೊಂಡು, ಪಕ್ಕದವರನ್ನು ಒಂದು ಮಾತೂ ಕೇಳದೆ ಬಸ್ಸು ಹಿಡಿಯಲು ಓಡಿದ್ದರು. ನಲವತ್ತೆಂಟರ ಹುಲಿ ಇಪ್ಪತ್ತೆರಡರ ಹುಡುಗನನ್ನು ಕೆಡವಿತು ಎಂದು ಬರೆದಾಗ ಕೈ ತಾನಾಗಿಯೇ ಓಡಿತ್ತು. ಬರೆಯುತ್ತಿದ್ದ ಅರವತ್ತರ ಮುದುಕನಿಗೆ ಆ ಸುದ್ದಿ ಬಲು ರುಚಿಸಿತ್ತು.

"ನಮ್ಮನೆಯೋಳು ಹೋಳಿಗೆಗೆ ಬೇಳೆ ಬೇಯಾಕಿಟ್ಟವ್ಳೆ ದೊರೆ," ಎಂದ ಕೆಂಪಯ್ಯ. "ನಾನ್ ಸೋತಿವ್ನಿ ಕಣೇ ಅಂದ್ರೆ ನಂಬಾಕಿಲ್ಲ. ಪೇಪರ್ನಾಗೆ ಬಂದದಲ್ಲಾ ಅಂತಾಳೆ."

"ಹೋಳಿಗೆ ತಿಂದ್ಬಿಡು ಮತ್ತೆ."

"ನಾನೇನೋ ತಿಂತೀನಿ. ಇವನ ಗತಿ?" ಕೆಂಪಯ್ಯ ಮುನಿರಾಜುವನ್ನು ಮುಂದಕ್ಕೆ ತಳ್ಳಿದ. ಗೆದ್ದವನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ ಕೊಡುವುದಾಗಿ ಅಲ್ಲಿನ ಅಧಿಕಾರಿ ಹೇಳಿದ್ದರಂತೆ. ಬೆಳಿಗ್ಗೆ ಹೋದರೆ, ಪೇಪರಿನಲ್ಲಿ ಇರುವ ಹೆಸರು ಬೇರೆ, ನಾಳೆ ಆ ಕೆಂಪಯ್ಯನನ್ನು ಕಳಿಸಿ ಎಂದರಂತೆ. "ಎಂಟೆಕ್ರೆ ರಾಗಿ ಹೊಲ ಬಿಟ್ಟು ನಾನ್ಯಾಕೆ ಹೋಗ್ಲಿ? ಇವನ್ಗೆ ಅಂಗೈಯಗಲ ನೆಲ ಇಲ್ಲ. ತಾಯಿ ಕಂಡೋರ ಮನೆ ಕಳೆ ಕೀಳ್ತವ್ಳೆ."

ಮುನಿರಾಜು ಮಾತ್ರ ನೆಲ ನೋಡುತ್ತ, "ಹೋಗ್ಲಿ ಬುಡಿ ಗುರುಗಳೇ, ಸಾಹೇಬ್ರಿಗೆ ಯಾಕೆ ತೊಂದ್ರೆ," ಎಂದ.

ತೊಂದರೆ ಇದ್ದದ್ದು ನಿಜ. ಆ ವರ್ಷ ಅವರ ಎರಡು ಸುದ್ದಿ ತಪ್ಪಾಗಿದ್ದವು, ಒಂದು ಕುದುರೆಯದು, ಒಂದು ಹಾಕಿಯದು. ಇನ್ನೊಂದು ತಿದ್ದುಪಡಿ ಬಂದರೆ ತಾವು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಸಂಪಾದಕರು ಟೀ ಕುಡಿಸಿ ಮೆತ್ತಗೆ ಹೇಳಿದ್ದರು. ಸ್ವಾತಂತ್ರ್ಯ ಬಂದ ನಲವತ್ತೇಳರಲ್ಲಿ ಜೊತೆಯ ಬಿಳಿಯರೆಲ್ಲ ಹಡಗು ಹತ್ತಿದಾಗ, ಭಾನುವಾರದ ಹಾಕಿ ಫೈನಲ್ ಮುಗಿಸಿ ಬರುತ್ತೇನೆ ಎಂದು ಉಳಿದುಕೊಂಡವರು ಅವರು. ಆಮೇಲೆ ಪ್ರತಿ ಭಾನುವಾರವೂ ಏನಾದರೊಂದು ಪಂದ್ಯ ಇದ್ದೇ ಇರುತ್ತಿತ್ತು. ಏಳು ವರ್ಷ ಹಾಗೇ ಕಳೆಯಿತು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಭಾನುವಾರವೂ ಇಲ್ಲವೆಂದರೆ ಏನು ಮಾಡುವುದೆಂದು ಅವರಿಗೆ ನಿಜಕ್ಕೂ ಭಯವಾಯಿತು.

ಎದ್ದು ಒಳಗೆ ಹೋಗಿ ಫೋನು ಎತ್ತಿದರು. ಇಪ್ಪತ್ತು ಜನವೂ ಹಿಂದೆಯೇ ಬಂದು ನಡುಮನೆಯಲ್ಲಿ ತುಂಬಿಕೊಂಡರು. ಅತ್ತ ಕಡೆ ಸಿಕ್ಕವನು ಉಪಸಂಪಾದಕ ಚನ್ನಕೇಶವ, ಸಾಹೇಬರ ಕೈಕೆಳಗೆ ಪಳಗಿದವನು. ಇಬ್ಬರ ಮಾತೂ ಇಂಗ್ಲಿಷಿನಲ್ಲಿ ನಡೆಯಿತು.

"ತಿದ್ದುಪಡಿ ಬೇಡ ಸಾರ್," ಎಂದು ಚನ್ನಕೇಶವ ದನಿ ತಗ್ಗಿಸಿದ. "ಅಚ್ಚಿನ ದೋಷ ಅಂತ ಒಂದು ಸಾಲು ಹಾಕಿಬಿಡುತ್ತೇನೆ. ಹೆಸರು ಅದಲುಬದಲಾಯಿತು, ಅಷ್ಟೇ. ಸಂಪಾದಕರು ಕೇಳುವುದೂ ಇಲ್ಲ."

ಸಾಹೇಬರಿಗೆ ಆಸೆಯಾಯಿತು. ಎಷ್ಟು ಸುಲಭದ ದಾರಿ!

"ನನ್ನ ಸುದ್ದಿಗೆ ಅಚ್ಚಿನ ಮೊಳೆ ಜೋಡಿಸಿದವರು ಯಾರು?"

"ಅಂಜಿನಯ್ಯ."

"ಅವನು ಇದುವರೆಗೆ ನನ್ನ ಬರಹದಲ್ಲಿ ಒಂದು ಅಕ್ಷರ ತಪ್ಪು ಮಾಡಿಲ್ಲ. ಬರೆದುಕೋ."

ಅವರು ಬಿಡಿಸಿ ಬಿಡಿಸಿ ಹೇಳತೊಡಗಿದರು. "ಭಾನುವಾರ ಮಾರೇನಹಳ್ಳಿಯಲ್ಲಿ ಗೆದ್ದವರು ಮುನಿರಾಜು."

ಹೆಸರು ಕಿವಿಗೆ ಬಿದ್ದದ್ದೇ ನಡುಮನೆಯಲ್ಲಿ ಶಿಳ್ಳೆ ಎದ್ದಿತು.

"ಗೆದ್ದ ಶಿಷ್ಯ ಗುರುವಾದ ಕೆಂಪಯ್ಯನವರ ಕಾಲಿಗೆ ನಮಸ್ಕರಿಸಿದ." ಮತ್ತೆ ಶಿಳ್ಳೆ, ಚಪ್ಪಾಳೆ. ಕೆಂಪಯ್ಯ ಮೀಸೆ ತಿರುವಿದ. "ಅದನ್ನು ಸೋಲೆಂದು ತಿಳಿದದ್ದು ಈ ವರದಿಗಾರನ ಅಜ್ಞಾನ."

"ಅದೇನು ಸಾರ್ ಗಲಾಟೆ?"

"ನನ್ನ ಓದುಗರು. ಇಪ್ಪತ್ತು ಜನ. ಒಬ್ಬರಿಗೂ ಇಂಗ್ಲಿಷ್ ಬರುವುದಿಲ್ಲ."

ಚನ್ನಕೇಶವ ನಗಲಿಲ್ಲ. "ನಿಮ್ಮ ಹೆಸರಾದರೂ ಬೇಡ ಸಾರ್. ತಿದ್ದುಪಡಿಗೆ ಯಾರೂ ಹೆಸರು ಹಾಕುವುದಿಲ್ಲ."

"ತಪ್ಪಿಗೆ ಹಾಕಿದ್ದೆನಲ್ಲ, ಇದಕ್ಕೂ ಹಾಕು," ಎಂದ ಸಾಹೇಬರು ಬೆನ್ನು ನೆಟ್ಟಗೆ ಮಾಡಿಕೊಂಡು, ಆ ಪೇಪರಿಗೆ ಪ್ರಾಯಶಃ ಕೊನೆಯ ಸಲ, ದೊಡ್ಡ ದನಿಯಲ್ಲಿ ಹೇಳಿದರು: "ಹೆನ್ರಿ ವಿಟ್ಲಾಕ್."

ದೊರೆಗೆ ಒಂದು ಹೆಸರಿದೆಯೆಂದು ಮಾರೇನಹಳ್ಳಿಯವರಿಗೆ ಗೊತ್ತಿರಲಿಲ್ಲ. ಇನ್ಯಾವನೋ ಗೆದ್ದ ಪೈಲ್ವಾನನಿರಬೇಕೆಂದು ಎಲ್ಲರೂ ಶಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮುನಿರಾಜು.